ಮತಪೆಟ್ಟಿಗೆಯೂ ಪ್ರಾರ್ಥನಾಮಂದಿರವೂ

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಕೊಡಿಸಿದಾಗ ನಾನು ಮೊದಲು ಹಿಂಜರಿದೆನು. ವಿಷಯವು ಕೆಂಡದಂಥದು. ಆದರೆ ಕೆಂಡದ ಮೇಲೆ ಬೂದಿ ಮುಚ್ಚಿದ ಮಾತ್ರಕ್ಕೆ ಅದು ಆರುವುದಿಲ್ಲವೆಂಬುದನ್ನು ಒಲೆ ಹೊತ್ತಿಸುವ ಯಾವ ತಾಯಿಯೂ ಬಲ್ಲಳು. ನಮ್ಮ ಊರುಗಳಲ್ಲಿ ಈ ಕೆಂಡವು ಬೂದಿಯ ಅಡಿಯಲ್ಲಿ ಬಹುಕಾಲದಿಂದ ಇರುತ್ತ ಬಂದಿದೆ. ಚುನಾವಣೆಯು ಸಮೀಪಿಸಿತೆಂದರೆ ಯಾರೋ ಬಂದು ಊದುತ್ತಾರೆ. ಆದುದರಿಂದ ಅದನ್ನು ಬೆಳಕಿಗೆ ತಂದು ನೋಡುವುದೇ ಲೇಸೆಂದು ಬಗೆದು ತಮ್ಮೆದುರಿಗೆ ನಿಂತಿದ್ದೇನೆ.

ನಮ್ಮ ಕನ್ನಡ ನುಡಿಯಲ್ಲಿ ‘ಮತ’ವೆಂಬ ಶಬ್ದಕ್ಕೆ ಎರಡು ಅರ್ಥಗಳಿರುವುದನ್ನು ತಾವು ಮಕ್ಕಳಿಗೆ ಕಲಿಸುತ್ತಿರುವಿರಿ. ದೇವರನ್ನು ಕುರಿತು ಒಬ್ಬನು ತಾಳಿದ ನಂಬಿಕೆಯೂ ಮತವೇ. ಆಳುವವರನ್ನು ಆರಿಸಲು ಅವನು ಹಾಕುವ ಓಟೂ ಮತವೇ. ಎರಡೂ ‘ಮನ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ‘ಯೋಚಿಸಿ ತಿಳಿದದ್ದು’ ಎಂಬುದೇ ಎರಡರ ಮೂಲಾರ್ಥ. ಎರಡನ್ನೂ ಬಲಾತ್ಕಾರದಿಂದ ಪಡೆಯಕೂಡದು, ಹಣಕ್ಕೆ ಕೊಳ್ಳಕೂಡದು. ಇಷ್ಟು ಹೋಲಿಕೆಯಿದ್ದರೂ ಅವುಗಳ ನಡುವೆ ಒಂದು ದೊಡ್ಡ ಭೇದವುಂಟು. ಓಟನ್ನು ಎಣಿಸತಕ್ಕದ್ದು, ಹೆಚ್ಚು ಬಂದವನು ಗೆಲ್ಲತಕ್ಕದ್ದು. ನಂಬಿಕೆಯನ್ನು ಎಣಿಸಲಾಗದು. ಊರಿನಲ್ಲಿ ಹತ್ತು ಸಾವಿರ ಜನ ಒಂದು ದೇವರನ್ನೂ ಹತ್ತೇ ಜನ ಇನ್ನೊಂದು ದೇವರನ್ನೂ ಪೂಜಿಸುತ್ತಿದ್ದರೆ, ಆ ಹತ್ತು ಜನರ ಗುಡಿಯ ಬಾಗಿಲು ಹತ್ತು ಸಾವಿರ ಜನರ ದಯೆಯಿಂದ ತೆರೆದಿರುವುದಲ್ಲ, ಅವರ ಹಕ್ಕಿನಿಂದ ತೆರೆದಿರುವುದು. ಎಣಿಸಬಾರದ್ದನ್ನು ಎಣಿಕೆಗೆ ಹಾಕಿದಾಗ ಏನಾಗುತ್ತದೆಂಬುದೇ ನನ್ನ ಇಂದಿನ ಮಾತಿನ ವಸ್ತು.

ಈ ಎರಡು ಮತಗಳನ್ನು ಕಾಯಿದೆಯ ಮೂಲಕ ಮೊದಲು ಒಂದೇ ನೊಗಕ್ಕೆ ಕಟ್ಟಿದವರು ಆಂಗ್ಲ ಅಧಿಕಾರಿಗಳು. ಮಿಂಟೋ-ಮಾರ್ಲೆ ಸುಧಾರಣೆಗಳೆಂದು ಹೆಸರಾದ 1909ರ ಕಾಯಿದೆಯಿಂದ ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರಗಳು ದೊರೆತವು. 1916ರ ಲಖನೌ ಒಪ್ಪಂದದಲ್ಲಿ ಕಾಂಗ್ರೆಸ್ಸೂ ಅದನ್ನು ಅಂಗೀಕರಿಸಿತು. 1932ರ ಕೋಮುವಾರು ತೀರ್ಪು ಆ ಗೋಡೆಯನ್ನು ಇನ್ನಷ್ಟು ಎತ್ತರಿಸಿತು. ಒಂದು ಕೋಮಿನ ಅಭ್ಯರ್ಥಿಯು ಇನ್ನೊಂದು ಕೋಮಿನ ಮನೆಯ ಮೆಟ್ಟಿಲನ್ನೇ ತುಳಿಯಬೇಕಾಗಿಲ್ಲವೆಂದಾದ ಮೇಲೆ ಅವನು ತನ್ನವರ ಭಯವನ್ನು ಹೆಚ್ಚಿಸಿದಷ್ಟೂ ಲಾಭವೇ ಆಯಿತು. ಇದರ ಫಲವನ್ನು ಲಾಹೋರ ನಗರದ ಶಹೀದಗಂಜ ಪ್ರಕರಣದಲ್ಲಿ ಕಾಣಬಹುದು. ಅದನ್ನು ಕೊಂಚ ವಿಸ್ತಾರವಾಗಿ ಹೇಳುತ್ತೇನೆ. ಏಕೆಂದರೆ ನಮ್ಮ ಕಾಲದ ಕಥೆಗಳೆಲ್ಲವೂ ಅದರಲ್ಲಿ ಬೀಜರೂಪವಾಗಿ ಇವೆ.

ಲಾಹೋರಿನಲ್ಲಿ 18ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿದ ಒಂದು ಮಸೀದಿಯಿತ್ತು. ಮೊಗಲ ಸುಬೇದಾರರ ಕಾಲದಲ್ಲಿ ಅದರ ಬಳಿಯಲ್ಲೇ ಸಿಖ್ಖರ ವಧೆ ನಡೆದುದರಿಂದ ಆ ನೆಲವು ಅವರಿಗೆ ಹುತಾತ್ಮರ ನೆಲ. ಶಹೀದಗಂಜವೆಂಬ ಹೆಸರು ಬಂದದ್ದೂ ಅದರಿಂದಲೇ. ಲಾಹೋರು ಸಿಖ್ಖರ ಕೈಸೇರಿದ ಮೇಲೆ ಆ ಕಟ್ಟಡವೂ ಅವರ ವಶಕ್ಕೆ ಹೋಯಿತು. ಆಂಗ್ಲರ ಆಳಿಕೆ ಬಂದ ಮೇಲೆ ಮುಸಲ್ಮಾನರು ಹಾಕಿದ ದಾವೆಗಳು ನಿಲ್ಲಲಿಲ್ಲ. 1935ರ ಜುಲೈ ತಿಂಗಳ ಒಂದು ರಾತ್ರಿ ಸಿಖ್ಖರು ಆ ಹಳೆಯ ಮಸೀದಿಯನ್ನು ಕೆಡವಿಬಿಟ್ಟರು. ಊರು ಹೊತ್ತಿಕೊಂಡಿತು, ಗೋಲೀಬಾರು ನಡೆಯಿತು, ಜನ ಸತ್ತರು.

ಒಂದೂವರೆ ವರ್ಷದಲ್ಲಿ ಪ್ರಾಂತದ ಚುನಾವಣೆಯಿತ್ತು. ಶಹೀದಗಂಜದ ಹೆಸರಿನಲ್ಲಿಯೇ ಹೊಸ ಪಕ್ಷವೊಂದು ಹುಟ್ಟಿ ಓಟು ಕೇಳಿತು. ಆ ಚಳವಳಿಯಲ್ಲಿ ಧುಮುಕದೆ ಉಳಿದ ಅಹ್ರಾರ ಪಕ್ಷದವರು ಕೋಮುದ್ರೋಹಿಗಳೆನಿಸಿ 1937ರ ಚುನಾವಣೆಯಲ್ಲಿ ನೆಲಕಚ್ಚಿದರು. ಗೆದ್ದು ಸರಕಾರ ರಚಿಸಿದ್ದು ಯೂನಿಯನಿಸ್ಟ್ ಪಕ್ಷ; ಅದರ ನಾಯಕರು ಸರ್ ಸಿಕಂದರ ಹಯಾತ ಖಾನರು. 1938ರಲ್ಲಿ ಮುಸ್ಲಿಂ ಲೀಗಿನ ಬರ್ಕತ ಅಲಿಯವರು ಆ ಸ್ಥಳವನ್ನು ಮಸೀದಿಗೆ ಮರಳಿ ದೊರಕಿಸುವಂಥ ಮಸೂದೆಯನ್ನು ಮುಂದಿಟ್ಟರು. ಮುಸಲ್ಮಾನರು ಬಹುಸಂಖ್ಯಾತರಾಗಿದ್ದ ಪ್ರಾಂತ, ಮುಖ್ಯಮಂತ್ರಿಯೂ ಮುಸಲ್ಮಾನರು, ಜನಪ್ರಿಯತೆಗೆ ಇದಕ್ಕಿಂತ ಸುಲಭದ ದಾರಿ ಬೇರೊಂದಿರಲಿಲ್ಲ. ಸಿಕಂದರರು ಒಪ್ಪಲಿಲ್ಲ. ಇಂದು ನಾವು ಶಾಸನದ ಬಲದಿಂದ ಸಿಖ್ಖರ ವಶದಲ್ಲಿರುವುದನ್ನು ಕಿತ್ತುಕೊಂಡರೆ, ನಾಳೆ ನಾವು ಅಲ್ಪಸಂಖ್ಯಾತರಾಗಿರುವ ಪ್ರಾಂತಗಳಲ್ಲಿ ನಮ್ಮ ಮಸೀದಿಗಳ ಗತಿಯೇನೆಂಬುದೇ ಅವರ ವಾದದ ಸಾರವಾಗಿತ್ತು. 1940ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಸಿಖ್ಖರ ಪರವಾಗಿ ಕಡೆಯ ತೀರ್ಪು ಕೊಟ್ಟಿತು. 1947ರಲ್ಲಿ ದೇಶವು ಒಡೆದು ಸಿಖ್ಖರು ಲಾಹೋರನ್ನು ಬಿಟ್ಟು ಓಡಬೇಕಾಯಿತು. ಆದರೂ ಆ ನೆಲವು ಮಸೀದಿಯಾಗಲಿಲ್ಲ. ಪಾಕಿಸ್ತಾನದ ನೆಲದಲ್ಲಿ ಅದು ಗುರುದ್ವಾರವಾಗಿಯೇ ಉಳಿಯಿತು. ಮಹಾಶಯರೇ, ಆ ದೇಶದಲ್ಲಿ ಅಲ್ಪಸಂಖ್ಯಾತರಿಗೆ ಬಂದ ಕಷ್ಟಗಳ ಲೆಕ್ಕ ದೊಡ್ಡದು. ಅದನ್ನು ನಾನು ಮರೆಮಾಚುತ್ತಿಲ್ಲ. ಒಬ್ಬ ಮುಖ್ಯಮಂತ್ರಿ ತನ್ನ ಓಟುಗಳಿಗೆ ಹಾನಿಯೆಂದು ತಿಳಿದೂ ‘ಆಗದು’ ಎಂದ ಮಾತಿಗೆ ಎಷ್ಟು ಆಯುಷ್ಯವಿತ್ತೆಂಬುದನ್ನು ತೋರಿಸಲು ಇಷ್ಟನ್ನು ಹೇಳಿದೆನು.

ಈಗ ನಮ್ಮ ಸಂವಿಧಾನ ಸಭೆಗೆ ಬರೋಣ. ದೇಶ ಒಡೆದ ನೋವು ಹಸಿಯಾಗಿದ್ದಾಗಲೇ ಆ ಸಭೆಯು ಪ್ರತ್ಯೇಕ ಮತಕ್ಷೇತ್ರಗಳನ್ನು ಕೈಬಿಟ್ಟಿತು. 1949ರ ಮೇ ತಿಂಗಳಲ್ಲಿ ಸರದಾರ ವಲ್ಲಭಭಾಯಿ ಪಟೇಲರ ಸಮಿತಿಯು ಮತೀಯ ಅಲ್ಪಸಂಖ್ಯಾತರಿಗೆ ಕಾದಿರಿಸಿದ ಸ್ಥಾನಗಳೂ ಬೇಡವೆಂದಿತು. ಮದ್ರಾಸಿನ ಕೆಲವು ಸದಸ್ಯರು ವಿರೋಧಿಸಿದರು, ನಿಜ. ಆದರೆ ಕ್ರೈಸ್ತರಾದ ಎಚ್. ಸಿ. ಮುಖರ್ಜಿಯವರೂ ಮುಸಲ್ಮಾನರಾದ ಬೇಗಂ ಐಜಾಜ ರಸೂಲರೂ ಎದ್ದುನಿಂತು, ನಮಗೆ ಬೇರೆ ಗೋಡೆ ಬೇಡವೆಂದರು. ಇದು ಸಾಮಾನ್ಯವಾದ ಮಾತಲ್ಲ. ಸಂಖ್ಯೆಯಲ್ಲಿ ಕಡಿಮೆಯಿದ್ದವರು ತಮ್ಮ ರಕ್ಷಣೆಯ ಬೇಲಿಯನ್ನು ತಾವಾಗಿ ತೆಗೆದು, ನೆರೆಯವನ ಸದ್ಭಾವವನ್ನು ನಂಬುತ್ತೇವೆಂದರು. ಅದು ನಮ್ಮ ಮೇಲೆ ಹೊರಿಸಿದ ಸಾಲ. ಸಂವಿಧಾನದ 325ನೆಯ ವಿಧಿಯು ಧರ್ಮದ ಕಾರಣದಿಂದ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡಬಾರದು, ಧರ್ಮಕ್ಕೊಂದು ಬೇರೆ ಪಟ್ಟಿಯೂ ಇರಬಾರದು ಎಂದಿತು. 25 ಮತ್ತು 26ನೆಯ ವಿಧಿಗಳು ಪೂಜೆಯ ಸ್ವಾತಂತ್ರ್ಯಕ್ಕೆ ಹೊಣೆ ನಿಂತವು.

ಆ ಸಾಲವನ್ನು ನಾವು ಹೇಗೆ ತೀರಿಸಿದೆವು? ನಂಬಿಕೆಯ ಮಾತು ಆಡಿ ಸುಮಾರು ಏಳು ತಿಂಗಳಾಗಿತ್ತು. ಸಂವಿಧಾನವು ಅಂಗೀಕೃತವಾಗಿ ಒಂದು ತಿಂಗಳೂ ತುಂಬಿರಲಿಲ್ಲ. 1949ರ ಡಿಸೆಂಬರ 22ರ ರಾತ್ರಿ ಅಯೋಧ್ಯೆಯ ಬಾಬರೀ ಮಸೀದಿಯ ಒಳಗೆ ಗುಟ್ಟಾಗಿ ವಿಗ್ರಹಗಳನ್ನು ಇಡಲಾಯಿತು. ಅದಕ್ಕೂ ಮುಂಚೆ ಒಂದು ಚುನಾವಣೆ ನಡೆದಿತ್ತೆಂಬುದನ್ನು ಬಹಳ ಜನ ಮರೆತಿದ್ದಾರೆ. 1948ರಲ್ಲಿ ಸಮಾಜವಾದಿಗಳಾದ ಆಚಾರ್ಯ ನರೇಂದ್ರ ದೇವರು ಕಾಂಗ್ರೆಸ್ಸನ್ನು ಬಿಟ್ಟು, ತಮ್ಮ ಸ್ಥಾನಕ್ಕೂ ರಾಜೀನಾಮೆಯಿತ್ತು, ಫೈಜಾಬಾದಿನಿಂದ ಮರಳಿ ಜನರ ಮುಂದೆ ನಿಂತರು. ಅವರ ವಿದ್ವತ್ತನ್ನಾಗಲಿ ತ್ಯಾಗವನ್ನಾಗಲಿ ಪ್ರಶ್ನಿಸುವಂತಿರಲಿಲ್ಲ. ಆಗ ಕಾಂಗ್ರೆಸ್ಸು ಬಾಬಾ ರಾಘವದಾಸರೆಂಬ ಸಾಧುಗಳನ್ನು ಅವರೆದುರು ನಿಲ್ಲಿಸಿತು, ಆಚಾರ್ಯರು ರಾಮನನ್ನು ನಂಬದವರೆಂಬ ಪ್ರಚಾರ ನಡೆಯಿತು, ಆಚಾರ್ಯರು ಸೋತರು. ದೇವರ ಹೆಸರಿನಲ್ಲಿ ಓಟು ಬರುತ್ತದೆಂಬುದನ್ನು ತೋರಿಸಿಕೊಟ್ಟವರು ಗಾಂಧೀಜಿಯವರ ಪಕ್ಷದವರೇ, ಅದೂ ಗಾಂಧೀಜಿ ಬಲಿಯಾದ ವರ್ಷದಲ್ಲೇ. ಆದುದರಿಂದ ಈ ದೋಷವನ್ನು ಒಂದೇ ಪಕ್ಷದ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ.

ಮುಂದಿನದು ತಮಗೆ ತಿಳಿದದ್ದೇ. 1985ರಲ್ಲಿ ಶಾಬಾನೋ ಎಂಬ ವೃದ್ಧೆಗೆ ಸುಪ್ರೀಂ ಕೋರ್ಟು ಜೀವನಾಂಶ ಕೊಡಿಸಿತು. ಕೆಲವು ಮುಸ್ಲಿಂ ಮುಖಂಡರ ಕೂಗಿಗೆ ಬೆದರಿದ ಸರಕಾರವು 1986ರಲ್ಲಿ ಕಾಯಿದೆಯಿಂದ ಅದನ್ನು ತಡೆಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಯೋಧ್ಯೆಯ ಬೀಗ ತೆರೆಯಿತು. ಎಡಗೈಯಿಂದ ಒಬ್ಬರಿಗೆ, ಬಲಗೈಯಿಂದ ಇನ್ನೊಬ್ಬರಿಗೆ ಹಂಚಿದ ಈ ಪ್ರಸಾದದಿಂದ ಯಾರ ಹಸಿವೂ ತಣಿಯಲಿಲ್ಲ. 1989ರ ನವೆಂಬರದಲ್ಲಿ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲೇ ಶಿಲಾನ್ಯಾಸ ನಡೆಯಿತು. 1984ರಲ್ಲಿ ಲೋಕಸಭೆಯಲ್ಲಿ 2 ಸ್ಥಾನಗಳಿದ್ದ ಭಾರತೀಯ ಜನತಾ ಪಕ್ಷಕ್ಕೆ 1989ರಲ್ಲಿ 85, 1991ರಲ್ಲಿ 120 ಸ್ಥಾನಗಳು ಬಂದವು. 1992ರ ಡಿಸೆಂಬರ 6ರಂದು ಮಸೀದಿ ಉರುಳಿತು. ಅನಂತರ ಮುಂಬಯಿ ಮೊದಲಾದ ಕಡೆ ಹರಿದ ರಕ್ತಕ್ಕೆ ಲೆಕ್ಕವಿಲ್ಲ. 2019ರ ನವೆಂಬರ 9ರಂದು ಸುಪ್ರೀಂ ಕೋರ್ಟು ಆ ನೆಲವನ್ನು ದೇವಾಲಯಕ್ಕೂ ಬೇರೆಡೆ 5 ಎಕರೆಯನ್ನು ಮಸೀದಿಗೂ ಕೊಡಿಸಿತು. ಅದೇ ತೀರ್ಪಿನಲ್ಲಿ, 1949ರಲ್ಲಿ ವಿಗ್ರಹಗಳನ್ನಿಟ್ಟದ್ದೂ 1992ರಲ್ಲಿ ಕಟ್ಟಡವನ್ನು ಕೆಡವಿದ್ದೂ ಕಾಯಿದೆಗೆ ವಿರುದ್ಧವೆಂದು ಸ್ಪಷ್ಟವಾಗಿ ಬರೆಯಿತು. 2024ರ ಜನವರಿ 22ರಂದು ರಾಮಮಂದಿರದಲ್ಲಿ ಪ್ರಾಣಪ್ರತಿಷ್ಠೆಯಾಯಿತು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಅಯೋಧ್ಯೆಯನ್ನು ಒಳಗೊಂಡ ಫೈಜಾಬಾದ ಕ್ಷೇತ್ರದ ಮತದಾರರು ಸಮಾಜವಾದಿ ಪಕ್ಷದ ಅಭ್ಯರ್ಥಿಯನ್ನು ಆರಿಸಿದರು. ಆ ಮತದಾರರಿಗೆ ರಾಮನಲ್ಲಿ ಭಕ್ತಿಯಿಲ್ಲವೆಂದು ಯಾರಾದರೂ ಹೇಳಬಲ್ಲರೆ? ಭಕ್ತಿಯೇ ಬೇರೆ, ಓಟೇ ಬೇರೆಯೆಂದು ಅವರು ತಿಳಿದಿದ್ದರು.

ಉತ್ತರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಹುಬ್ಬಳ್ಳಿಯ ನಡುವೆ ಸುಮಾರು ಒಂದೂವರೆ ಎಕರೆಯ ಮೈದಾನವಿದೆ. 1921ರಲ್ಲಿ ಪುರಸಭೆಯು ವರ್ಷಕ್ಕೆ ಒಂದು ರೂಪಾಯಿಯ ಬಾಡಿಗೆಗೆ 999 ವರ್ಷಗಳ ಅವಧಿಗೆ ಅದನ್ನು ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ ಕೊಟ್ಟಿತು. ಅಲ್ಲಿ ವರ್ಷಕ್ಕೆ ಎರಡು ಸಲ, ರಂಜಾನ್ ಮತ್ತು ಬಕ್ರೀದಿನಂದು, ನಮಾಜು ನಡೆಯುತ್ತದೆ. ಮುಂದೆ ಅಲ್ಲಿ ಕಟ್ಟಡ ಎದ್ದಾಗ ಊರವರು ಕೆಲವರು ದಾವೆ ಹೂಡಿದರು. ಅದು ಒಂದು ಸಿವಿಲ್ ವ್ಯಾಜ್ಯ. ನೆಲ ಯಾರದು, ಕರಾರಿನ ಅರ್ಥವೇನು ಎಂಬುದಷ್ಟೇ ಅದರ ತಿರುಳು. ಅದನ್ನು ನ್ಯಾಯಾಲಯಕ್ಕೇ ಬಿಟ್ಟಿದ್ದರೆ ಬಿಸಿಯಿಲ್ಲದೆ ಮುಗಿಯುತ್ತಿತ್ತು. ಆದರೆ 1992ರ ಜನವರಿ 26ರಿಂದ ಅಲ್ಲಿ ರಾಷ್ಟ್ರಧ್ವಜವನ್ನು ಏರಿಸುವ ಚಳವಳಿ ಎದ್ದಿತು. 1994ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಹಬ್ಬದ ದಿನವೇ, ಹುಬ್ಬಳ್ಳಿಯ ಬೀದಿಗಳಲ್ಲಿ ಗೋಲೀಬಾರು ನಡೆದು ಪ್ರಾಣಗಳು ಹೋದವು. ರಾಜ್ಯದ ವಿಧಾನಸಭಾ ಚುನಾವಣೆಗೆ ಆಗ ಕೆಲವೇ ತಿಂಗಳುಗಳು ಉಳಿದಿದ್ದವು. 1989ರಲ್ಲಿ 4 ಸ್ಥಾನಗಳಿದ್ದ ಪಕ್ಷವು ಆ ಚುನಾವಣೆಯಲ್ಲಿ 40 ಸ್ಥಾನ ಪಡೆಯಿತು. ಆಳುತ್ತಿದ್ದ ಕಾಂಗ್ರೆಸ್ಸು 34ಕ್ಕೆ ಇಳಿಯಿತು. ಆ ಏರಿಳಿತಕ್ಕೆ ಬೇರೆ ಕಾರಣಗಳೂ ಇದ್ದವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಡಿದವರ ಮನೆಗಳಲ್ಲಿ ಯಾವ ಸ್ಥಾನಗಳ ಲೆಕ್ಕದಿಂದಲೂ ದೀಪ ಹತ್ತಲಿಲ್ಲ.

ಇನ್ನು ಇದರ ಸಮಾಧಾನ ಹೇಗಾಯಿತು ನೋಡಿರಿ. ಚುನಾವಣೆ ಮುಗಿದು ದೇವೇಗೌಡರ ಸರಕಾರ ಬಂದ ಮೇಲೆ ಮಾತುಕತೆ ನಡೆದು, 1995ರಲ್ಲಿ ಅಂಜುಮನ್ ಸಂಸ್ಥೆಯವರೇ ಅಲ್ಲಿ ಧ್ವಜವನ್ನು ಹಾರಿಸಿದರು. 2010ರಲ್ಲಿ ಸುಪ್ರೀಂ ಕೋರ್ಟು, ನೆಲವು ನಗರಪಾಲಿಕೆಯದು, ಎರಡು ಹಬ್ಬಗಳ ನಮಾಜಿನ ಹಕ್ಕು ಮುಸಲ್ಮಾನರದು, ಕಟ್ಟಡವನ್ನು ತೆಗೆಯತಕ್ಕದ್ದು ಎಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಇಬ್ಬರಿಗೂ ಕೊಂಚ ಕಹಿ, ಇಬ್ಬರಿಗೂ ಕೊಂಚ ಸಿಹಿ. ಮಾತುಕತೆಯೂ ನ್ಯಾಯಾಲಯವೂ ಬಗೆಹರಿಸಬಹುದಾಗಿದ್ದುದಕ್ಕೆ ಗುಂಡು ಏಕೆ ಬೇಕಾಯಿತು? 2022ರ ಆಗಸ್ಟ್ 30ರಂದು ಗಣೇಶೋತ್ಸವದ ಪ್ರಶ್ನೆ ಎದ್ದಾಗ ಬೆಂಗಳೂರಿನ ಚಾಮರಾಜಪೇಟೆಯ ಈದ್ಗಾ ಮೈದಾನದಲ್ಲಿ ಯಥಾಸ್ಥಿತಿ ಇರಲೆಂದು ಸುಪ್ರೀಂ ಕೋರ್ಟು ಹೇಳಿತು. ಅದೇ ರಾತ್ರಿ ಹುಬ್ಬಳ್ಳಿಯಲ್ಲಿ ಉತ್ಸವಕ್ಕೆ ಹೈಕೋರ್ಟು ಅನುಮತಿ ಕೊಟ್ಟಿತು. ಒಂದು ಊರಿನ ದಾಖಲೆ ಬೇರೆ, ಇನ್ನೊಂದರದು ಬೇರೆ. ನ್ಯಾಯಾಧೀಶನು ದಾಖಲೆಯನ್ನು ನೋಡುತ್ತಾನೆ. ಓಟಿಗೆ ಬಂದವನು ಗುಂಪನ್ನು ನೋಡುತ್ತಾನೆ.

ಅದೇ ಹುಬ್ಬಳ್ಳಿಯ ರಾಜಕಾರಣದಲ್ಲಿ ಬೆಳೆದ ಎಸ್. ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲಿ, ಗೋಲೀಬಾರಿಗೆ ಐದು ತಿಂಗಳು ಮೊದಲು, 1994ರ ಮಾರ್ಚ್ 11ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲರಚನೆಗೆ ಸೇರಿದ್ದೆಂದು ಸಾರಿತ್ತು. ಕಾಯಿದೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1951ರ ಜನಪ್ರತಿನಿಧಿ ಕಾಯಿದೆಯ 123ನೆಯ ಕಲಮು ಧರ್ಮದ ಹೆಸರಿನಲ್ಲಿ ಓಟು ಕೇಳುವುದನ್ನು ಭ್ರಷ್ಟಾಚಾರವೆಂದು ಕರೆದಿದೆ. 2017ರ ಜನವರಿ 2ರಂದು ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಎತ್ತಿ ಓಟು ಕೇಳುವುದೂ ಅದರಲ್ಲಿ ಬರುತ್ತದೆಂದರು. ಗುಡಿ, ಮಸೀದಿ, ಇಗರ್ಜಿಗಳನ್ನು ಪ್ರಚಾರದ ವೇದಿಕೆ ಮಾಡಬಾರದೆಂದು ಚುನಾವಣಾ ಆಯೋಗದ ನೀತಿಸಂಹಿತೆ ಹೇಳುತ್ತದೆ. 1991ರ ಪೂಜಾಸ್ಥಳಗಳ ಕಾಯಿದೆಯು, ಅಯೋಧ್ಯೆಯೊಂದನ್ನು ಬಿಟ್ಟು, 1947ರ ಆಗಸ್ಟ್ 15ರಂದು ಯಾವ ಸ್ಥಳವು ಯಾವ ಧರ್ಮದ್ದಾಗಿತ್ತೋ ಹಾಗೆಯೇ ಇರತಕ್ಕದ್ದೆಂದಿತು. ಅದನ್ನು ಮೀರಿ ಹೊಸ ಹೊಸ ದಾವೆಗಳು ಹುಟ್ಟುತ್ತಿರಲು, 2024ರ ಡಿಸೆಂಬರ 12ರಂದು ಸುಪ್ರೀಂ ಕೋರ್ಟು ಇನ್ನು ಹೊಸ ದಾವೆಗಳನ್ನು ದಾಖಲಿಸಿಕೊಳ್ಳಬೇಡಿರೆಂದು ಕೆಳಗಿನ ಕೋರ್ಟುಗಳನ್ನು ತಡೆಯಿತು. ಆದರೆ ಕಾಯಿದೆಯ ನಡಿಗೆ ನಿಧಾನ. ಮುಂಬಯಿಯ ವಿಲೇ ಪಾರ್ಲೆಯ 1987ರ ಉಪಚುನಾವಣೆಯಲ್ಲಿ ಧರ್ಮದ ಹೆಸರಿನಲ್ಲಿ ಓಟು ಕೇಳಿದುದರಿಂದ ಆಯ್ಕೆ ರದ್ದಾಯಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು 1995ರಲ್ಲಿ. ಅಷ್ಟರಲ್ಲಿ ಆ ವಿಧಾನಸಭೆಯ ಅವಧಿಯೇ ಮುಗಿದುಹೋಗಿತ್ತು!

ಇಲ್ಲಿ ತಮ್ಮಲ್ಲಿ ಕೆಲವರು ಕೇಳಬಹುದು: “ಪ್ರಜಾಪ್ರಭುತ್ವವೆಂದರೆ ಬಹುಜನರ ಆಳಿಕೆಯಲ್ಲವೆ? ಬಹುಜನರ ಮನಸ್ಸಿಗೆ ಬೆಲೆಯಿಲ್ಲವೆ?” ಬೆಲೆಯುಂಟು. ತೆರಿಗೆ ಎಷ್ಟಿರಬೇಕು, ರಸ್ತೆ ಎಲ್ಲಿ ಬರಬೇಕು, ಶಾಲೆಗೆ ಎಷ್ಟು ಹಣ, ಇವೆಲ್ಲ ಬಹುಜನರ ಇಚ್ಛೆಯಂತೆ ನಡೆಯಲಿ. ಪೂಜೆಯನ್ನು ನೇರವಾಗಿ ಓಟಿಗೇ ಹಾಕಿದರೆ ಏನಾಗುವುದೆಂಬುದಕ್ಕೆ ಸ್ವಿಟ್ಜರ್ಲೆಂಡ್ ಸಾಕ್ಷಿ. ಪ್ರಜಾಸತ್ತೆಯ ತೊಟ್ಟಿಲೆನಿಸಿಕೊಂಡ ಆ ದೇಶದಲ್ಲಿ ಇದ್ದದ್ದು ನಾಲ್ಕೇ ಮಿನಾರುಗಳು. ಆದರೂ 2009ರ ನವೆಂಬರ 29ರಂದು ಜನಮತಗಣನೆ ನಡೆಯಿತು. ಓಟು ಹಾಕಿದವರಲ್ಲಿ ನೂರಕ್ಕೆ 57ಕ್ಕಿಂತ ಹೆಚ್ಚು ಮಂದಿ, ಹೊಸ ಮಿನಾರು ಕಟ್ಟಬಾರದೆಂದರು. ಅದು ಸಂವಿಧಾನಕ್ಕೇ ಸೇರಿತು. ಓಟು ಸಕ್ರಮವಾಗಿತ್ತು, ಎಣಿಕೆ ಸರಿಯಾಗಿತ್ತು. ಆದರೆ ಕೆಲವರ ಪ್ರಾರ್ಥನಾಲಯದ ಆಕಾರವನ್ನು ಅದರೊಳಗೆ ಎಂದೂ ಕಾಲಿಡದವರು ಗೊತ್ತುಮಾಡಿದರು.

ಇನ್ನು ಹಿಂದುಗಳೇ ಅಲ್ಪಸಂಖ್ಯಾತರಾಗಿರುವ ಕಡೆಯನ್ನು ನೋಡಿರಿ. ಇಂಗ್ಲಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ಜಾರ್ಜ್ ಹ್ಯಾರಿಸನ್ ಎಂಬ ಹೆಸರಾಂತ ಗಾಯಕರು 1973ರಲ್ಲಿ ಇಸ್ಕಾನ್ ಸಂಸ್ಥೆಗೆ ಕೊಟ್ಟ ಬಂಗಲೆಯಲ್ಲಿ ಕೃಷ್ಣಮಂದಿರವಿದೆ. ಹಬ್ಬಗಳಿಗೆ ಬರುವ ಜನಸಂದಣಿಯಿಂದ ಹಳ್ಳಿಗೆ ತೊಂದರೆಯೆಂದು ಅಲ್ಲಿಯ ಸ್ಥಳೀಯ ಆಡಳಿತವು ಸಾರ್ವಜನಿಕ ಪೂಜೆಯನ್ನೇ ನಿಲ್ಲಿಸಹೊರಟಿತು. ಬ್ರಿಟನ್ನಿನ ಹಿಂದುಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 1996ರಲ್ಲಿ ಸರಕಾರವು, ಬೇರೆ ದಾರಿಯೊಂದನ್ನು ನಿರ್ಮಿಸುವ ಏರ್ಪಾಡಿನೊಡನೆ, ಪೂಜೆಗೆ ಅನುಮತಿ ಕೊಟ್ಟಿತು. ಆ ಹಳ್ಳಿಯವರ ಓಟಿಗೇ ಬಿಟ್ಟಿದ್ದರೆ ಆ ಕೃಷ್ಣನ ಗತಿ ಏನಾಗುತ್ತಿತ್ತೋ! ಅಲ್ಲಿ ನಾವು ಬೇಡುವ ನ್ಯಾಯವನ್ನು ಇಲ್ಲಿ ಕೊಡಲು ಹಿಂಜರಿದರೆ ನಮ್ಮ ಮಾತಿಗೆ ತೂಕವೆಲ್ಲಿಯದು?

ಇನ್ನೊಂದು ಪ್ರಶ್ನೆಯೂ ನ್ಯಾಯವಾದದ್ದೇ: “ಅಲ್ಪಸಂಖ್ಯಾತರ ಮುಖಂಡರು ಓಟುಗಳನ್ನು ಗಂಟುಕಟ್ಟಿ ಮಾರುವುದಿಲ್ಲವೆ?” ಮಾರುವವರಿದ್ದಾರೆ. ಮಸೀದಿಯ ಪೀಠದಿಂದಾಗಲಿ ಇಗರ್ಜಿಯ ವೇದಿಯಿಂದಾಗಲಿ ಮಠದ ಗದ್ದುಗೆಯಿಂದಾಗಲಿ ‘ಇಂಥವನಿಗೇ ಓಟು ಹಾಕಿರಿ’ ಎಂಬ ಆಜ್ಞೆ ಹೊರಟರೆ ಅದು ಒಂದೇ ಅಪರಾಧ. ಬಟ್ಟೆಯ ಬಣ್ಣದಿಂದ ಅದರ ಬಣ್ಣ ಬದಲಾಗದು. ಭಯದಲ್ಲಿರುವ ಜನ ಗುಂಪಾಗಿ ನಿಲ್ಲುತ್ತಾರೆ. ಗುಂಪಿಗೆ ದಲ್ಲಾಳಿ ಹುಟ್ಟುತ್ತಾನೆ. ತಮ್ಮ ಮಸೀದಿಯ, ತಮ್ಮ ಇಗರ್ಜಿಯ ಗೋಡೆ ಪ್ರತಿ ಚುನಾವಣೆಯಲ್ಲಿಯೂ ಪಣಕ್ಕೆ ಬೀಳುವುದಿಲ್ಲವೆಂಬ ನೆಮ್ಮದಿ ಬಂದರೆ ಆ ಜನರೂ ನೀರು, ದವಾಖಾನೆ, ಶಾಲೆಗಳ ಮೇಲೆ ಓಟು ಹಾಕುವರು. ದಲ್ಲಾಳಿಯ ಅಂಗಡಿ ತಾನಾಗಿ ಮುಚ್ಚುವುದು.

ನಮ್ಮ ನಾಡಿಗೆ ಇದು ಹೊಸ ಪಾಠವೇನಲ್ಲ. ಹುಬ್ಬಳ್ಳಿಗೆ ದೂರವಲ್ಲದ ಶಿಶುನಾಳದಲ್ಲಿ ಸಂತ ಶರೀಫರ ಗದ್ದುಗೆಯಿದೆ. ಮುಸಲ್ಮಾನನಾಗಿ ಹುಟ್ಟಿದ ಆತನಿಗೆ ಗುರುವಾದವರು ಬ್ರಾಹ್ಮಣರಾದ ಗೋವಿಂದ ಭಟ್ಟರು. ಇಂದಿಗೂ ಆ ಗದ್ದುಗೆಗೆ ಹಿಂದುಗಳೂ ಮುಸಲ್ಮಾನರೂ ತಮ್ಮ ತಮ್ಮ ರೀತಿಯಲ್ಲಿ ನಡೆದುಕೊಳ್ಳುತ್ತಾರೆ. ಅಲ್ಲಿ ಯಾರ ಸಂಖ್ಯೆ ಎಷ್ಟೆಂದು ಯಾರೂ ಎಣಿಸಿಲ್ಲ.

ಉಪಾಧ್ಯಾಯ ಬಂಧುಗಳೇ, ಕೊನೆಯ ಮಾತನ್ನು ತಮಗಾಗಿಯೇ ಇಟ್ಟುಕೊಂಡಿದ್ದೇನೆ. ಗುಡಿಯಲ್ಲಾಗಲಿ ಮಸೀದಿಯಲ್ಲಾಗಲಿ ಮತಗಟ್ಟೆಯನ್ನು ಇಡಬಾರದೆಂದು ಚುನಾವಣಾ ಆಯೋಗದ ನಿಯಮವಿದೆ. ಹಾಗಾದರೆ ಎಲ್ಲಿ ಇಡುತ್ತಾರೆ? ತಮ್ಮ ಶಾಲೆಯಲ್ಲಿ. ಮಗ್ಗಿಯನ್ನು ಬರೆದ ಕರಿಹಲಗೆಯ ಕೆಳಗೆ ಮತಯಂತ್ರ ಕುಳಿತುಕೊಳ್ಳುತ್ತದೆ. ತಾವೇ ಮತಗಟ್ಟೆಯ ಅಧಿಕಾರಿಗಳಾಗಿ ಕೂಡುತ್ತೀರಿ. ಸಾಲಿನಲ್ಲಿ ನಿಂತ ಪೂಜಾರಿಯ ಬೆರಳಿಗೂ ಮುಲ್ಲಾನ ಬೆರಳಿಗೂ ತಾವು ಹಚ್ಚುವ ಶಾಯಿ ಒಂದೇ. ನಮ್ಮ ಮೈಸೂರಿನ ಕಾರಖಾನೆಯಲ್ಲಿ ತಯಾರಾಗಿ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಹೋಗುತ್ತಿರುವ ಶಾಯಿ. ಅಂದು ಒಂದು ದಿನ ತಮ್ಮ ಕೊಠಡಿಯಲ್ಲಿ ಯಾವ ದೇವರಿಗೂ ಓಟು ಬೀಳುವುದಿಲ್ಲ, ಮನುಷ್ಯರಿಗೆ ಮಾತ್ರ ಬೀಳುತ್ತದೆ. ಉಳಿದ ದಿನಗಳಲ್ಲಿ ಅದೇ ಬೆಂಚುಗಳ ಮೇಲೆ ನಾಳಿನ ಮತದಾರರು ಕುಳಿತಿರುತ್ತಾರೆ. ಅವರಿಗೆ ಶಬ್ದಾರ್ಥ ಹೇಳುವಾಗ ‘ಮತ’ವೆಂಬ ಶಬ್ದದ ಎರಡು ಅರ್ಥಗಳನ್ನೂ ಹೇಳಿರಿ, ಒಂದನ್ನು ಎಣಿಸತಕ್ಕದ್ದು, ಇನ್ನೊಂದನ್ನು ಗೌರವಿಸತಕ್ಕದ್ದು ಎಂಬುದನ್ನೂ ಜೊತೆಗೆ ಹೇಳಿರಿ. ಅಷ್ಟು ಮಾಡಿದರೆ 1949ರಲ್ಲಿ ನಮ್ಮನ್ನು ನಂಬಿ ಬೇಲಿ ತೆಗೆದವರ ಸಾಲದಲ್ಲಿ ಒಂದು ಕಂತನ್ನು ತಾವು ತೀರಿಸಿದಂತಾಗುವುದು.